ದವಡೆ ಕೀಲು ನೋವು: ವ್ಯಾಯಾಮ, ನೈಟ್ ಗಾರ್ಡ್, ಇಂಜೆಕ್ಷನ್, ಆಪರೇಷನ್ ಪೈಕಿ ಯಾವುದು ಯಾರಿಗೆ?

ಕಿವಿಯ ಮುಂದೆ ನೋವು. ಬಾಯಿ ತೆರೆದರೆ ಲಟಕ್ ಅನ್ನುವ ಸದ್ದು. ಬೆಳಗ್ಗೆ ಎದ್ದರೆ ಕೆನ್ನೆಯೆಲ್ಲ ಬಿಗಿ. ಇದನ್ನು ನಾಲ್ಕು ಕಡೆ ತೋರಿಸಿದರೆ ನಾಲ್ಕು ಉತ್ತರ ಸಿಗುತ್ತದೆ. ಹಲ್ಲಿನ ಡಾಕ್ಟರ್ ನೈಟ್ ಗಾರ್ಡ್, ಅಂದರೆ ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚ, ಮಾಡಿಸಿಕೊಳ್ಳಿ ಅನ್ನುತ್ತಾರೆ. ಕಿವಿ ಡಾಕ್ಟರ್ ಕಿವಿಯಲ್ಲಿ ಏನೂ ಇಲ್ಲ ಅಂತ ಕಳಿಸುತ್ತಾರೆ. ಫಿಸಿಯೋಥೆರಪಿಯವರು ವ್ಯಾಯಾಮ ಹೇಳಿಕೊಡುತ್ತಾರೆ. ಸರ್ಜನ್ ಹತ್ತಿರ ಹೋದರೆ ಒಂದು ಎಂಆರ್‌ಐ ಮಾಡಿಸಿ, ನೋಡೋಣ ಅನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ಕೈಗೆ ಒಗ್ಗಿದ್ದು ಏನೋ ಅದನ್ನು ಹೇಳುತ್ತಾರೆ. ಆರಿಸುವ ತಲೆನೋವು ಮಾತ್ರ ಮೊದಲೇ ನೋವು ತಿನ್ನುತ್ತಿರುವವರದ್ದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಚಿಕಿತ್ಸೆಗಳನ್ನು ತೂಗಿ ನೋಡಲು ಎರಡು ಪ್ರಶ್ನೆ ಸಾಕು. ತೊಂದರೆ ಸ್ನಾಯುವಿನದೋ, ಡಿಸ್ಕಿನದೋ, ಮೂಳೆಯದೋ? ಚಿಕಿತ್ಸೆ ಫಲ ಕೊಡದಿದ್ದರೆ ಬಾಯಿ ಮೊದಲಿದ್ದ ಹಾಗೇ ಉಳಿಯುತ್ತದೆಯೋ ಇಲ್ಲವೋ? ಎರಡನೆಯದಕ್ಕೆ "ಇಲ್ಲ" ಅನ್ನುವ ಉತ್ತರ ಬಂದರೆ ಆ ಚಿಕಿತ್ಸೆ ಸಾಲಿನಲ್ಲಿ ಕೊನೆಗೆ ನಿಲ್ಲಬೇಕು. ಹೇಳಿದವರು ಎಷ್ಟೇ ದೊಡ್ಡವರಾಗಿರಲಿ.

ಮೊದಲು ತೊಂದರೆ ಎಲ್ಲಿದೆ ನೋಡೋಣ

ಕಿವಿಯ ತೂತಿಗಿಂತ ಸ್ವಲ್ಪ ಮುಂದೆ ಎರಡೂ ಕಡೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳಿನ ಕೆಳಗೆ ಒಂದು ಗುಂಡು ಓಡಾಡಿದ್ದು ಗೊತ್ತಾಗುತ್ತದೆ. ಅದು ಕೆಳದವಡೆ ಮೂಳೆಯ ತಲೆ. ಬಾಯಿ ತೆರೆಯಲು ಶುರು ಮಾಡಿದಾಗ ಅದು ಇದ್ದಲ್ಲೇ ತಿರುಗುತ್ತದೆ, ಇನ್ನೂ ಅಗಲ ತೆರೆದರೆ ಮುಂದಕ್ಕೆ ಜಾರುತ್ತದೆ. ಎಡದ್ದೂ ಬಲದ್ದೂ ಒಟ್ಟಿಗೆ, ಹೊಂದಿಕೊಂಡು ಈ ಕೆಲಸ ಮಾಡಬೇಕು. ಆ ಮೂಳೆಗೂ ತಲೆಬುರುಡೆಗೂ ನಡುವೆ ತೆಳ್ಳಗಿನ, ಗಟ್ಟಿ ನಾರಿನ ಡಿಸ್ಕ್ ಒಂದಿದೆ. ಮೂಳೆಯ ತಲೆಯ ಮೇಲೆ ಟೋಪಿಯ ಹಾಗೆ ಕೂತಿದ್ದು, ಮೂಳೆ ಜಾರಿದ ಕಡೆಗೆ ತಾನೂ ಜಾರುತ್ತದೆ. ಈ ಕೀಲಿಗೆ ಟಿಎಂಜೆ ಅನ್ನುತ್ತಾರೆ. ಕೀಲಿನಲ್ಲಿ, ಅದನ್ನು ಆಡಿಸುವ ಸ್ನಾಯುಗಳಲ್ಲಿ ಬರುವ ತೊಂದರೆಗಳಿಗೆಲ್ಲ ಸೇರಿಸಿ ಟಿಎಂಡಿ.

ಈಗ ಕನ್ನಡಿ ಮುಂದೆ ನಿಲ್ಲಿ. ಮೇಲಿನ ಮುಂದಿನ ಎರಡು ಹಲ್ಲಿನ ನಡುವಿನ ಗೆರೆ, ಕೆಳಗಿನ ಎರಡು ಹಲ್ಲಿನ ನಡುವಿನ ಗೆರೆ, ಇವೆರಡನ್ನೂ ನೋಡುತ್ತ ನಿಧಾನಕ್ಕೆ ಬಾಯಿ ತೆರೆಯಿರಿ. ಕೆಳಗಿನ ಗೆರೆ ನೇರ ಇಳಿಯುತ್ತದೆಯೋ? ಒಂದು ಕಡೆಗೆ ಸೊಟ್ಟ ಹೋಗಿ ಮತ್ತೆ ನಡುವಿಗೆ ಬರುತ್ತದೆಯೋ? ಒಂದು ಕಡೆ ಹೋಗಿ ಅಲ್ಲೇ ನಿಲ್ಲುತ್ತದೆಯೋ? ಆಮೇಲೆ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಮೂರೂ ಹೋದರೆ ಬಾಯಿ ಸರಿಯಾಗಿ ತೆರೆಯುತ್ತಿದೆ ಎಂದರ್ಥ, ಸುಮಾರು 40 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ. 35ಕ್ಕಿಂತ ಕಡಿಮೆ ಆದರೆ ಏನೋ ತಡೆಯುತ್ತಿದೆ.

ಇದಾದ ಮೇಲೆ ಹಲ್ಲು ಕಚ್ಚಿ ಹಿಡಿದು ಕೆನ್ನೆ ಮುಟ್ಟಿ. ಉಬ್ಬಿ ಬರುವ ಗಟ್ಟಿ ಸ್ನಾಯು ಅಗಿಯುವ ಮುಖ್ಯ ಸ್ನಾಯು. ಕಣತಲೆಯಲ್ಲೂ ಒಂದು ಉಬ್ಬುತ್ತದೆ. ಬಾಯಿ ಸಡಿಲ ಬಿಟ್ಟು ಇವೆರಡನ್ನೂ ಬೆರಳಲ್ಲಿ ಒತ್ತಿ ನೋಡಿ. "ಹಾಂ, ಇದೇ ನನ್ನ ನೋವು" ಅನ್ನಿಸಿದರೆ ಅರ್ಧ ಉತ್ತರ ಸಿಕ್ಕಿತು. ಡಾಕ್ಟರುಗಳು 2014ರಿಂದ ಬಳಸುತ್ತಿರುವ ಅಂತರರಾಷ್ಟ್ರೀಯ ಪರೀಕ್ಷಾ ಕ್ರಮದಲ್ಲೂ ಈ ಪ್ರಶ್ನೆ ಇದೆ. ಒತ್ತಿದಾಗ ನೋವಾಯಿತೇ ಅಂತ ಮಾತ್ರ ಕೇಳಿ ಬಿಡುವುದಿಲ್ಲ, ಅದು ನಿಮಗೆ ದಿನಾ ಬರುವ ನೋವೇ ಅಂತಲೂ ಕೇಳುತ್ತಾರೆ.

ಮೂರು ಬಗೆಯಲ್ಲಿ ಸ್ನಾಯುವಿನ ನೋವೇ ಜಾಸ್ತಿ ಜನರಿಗೆ ಬರುವುದು. ಕೆನ್ನೆ, ಕಣತಲೆಯಲ್ಲಿ ಮಂದವಾಗಿ, ಎಳೆದ ಹಾಗೆ ನೋಯುತ್ತದೆ. ಅಗಿದಷ್ಟೂ ಏರುತ್ತದೆ. ಕೆಲವರಿಗೆ ಬೆಳಗ್ಗೆ ಜಾಸ್ತಿ, ಕೆಲವರಿಗೆ ಕೆಲಸ ಮುಗಿಸಿ ಸಂಜೆ. ಇದು ಹಲ್ಲುನೋವಿನ ವೇಷ ಹಾಕಿಕೊಂಡೂ ಬರುತ್ತದೆ. ಕಣತಲೆಯ ಸ್ನಾಯು ಬಿಗಿದರೆ ಮೇಲಿನ ಹಲ್ಲು ನೋಯಬಹುದು, ಕೆನ್ನೆಯ ಸ್ನಾಯು ಬಿಗಿದರೆ ಕೆಳಗಿನ ದವಡೆ ಹಲ್ಲು ಅಥವಾ ಕಿವಿ. ಎಕ್ಸ್‌ರೇಯಲ್ಲಿ ಏನೂ ಕಾಣದ, ತಣ್ಣೀರು ಬಿಸಿನೀರು ತಾಗಿದರೂ ಹೆಚ್ಚುಕಡಿಮೆ ಆಗದ ಹಲ್ಲಿಗೆ ರೂಟ್ ಕೆನಾಲ್ ಮಾಡೋಣ ಅಂದರೆ "ಇದು ಸ್ನಾಯುವಿನ ನೋವು ಇರಬಹುದಾ ನೋಡಿ" ಅಂತ ಒಂದು ಮಾತು ಕೇಳಿ. ಸುಮ್ನೆ ಒಳ್ಳೆಯ ಹಲ್ಲು ಕೊರೆಸಿಕೊಂಡವರು ಕಡಿಮೆ ಇಲ್ಲ.

ಎರಡನೆಯದು ಡಿಸ್ಕ್ ಜಾರುವುದು. ಟೋಪಿ ಮುಂದಕ್ಕೆ ಸರಿದಿರುತ್ತದೆ, ಬಾಯಿ ತೆರೆದಾಗ ಲಟಕ್ ಅಂತ ಮತ್ತೆ ತಲೆಯ ಮೇಲೆ ಕೂರುತ್ತದೆ, ಮುಚ್ಚಿದಾಗ ಮತ್ತೆ ಸರಿಯುತ್ತದೆ. ಕನ್ನಡಿಯಲ್ಲಿ ಗೆರೆ ಸೊಟ್ಟ ಹೋಗಿ ನಡುವಿಗೆ ವಾಪಸ್ ಬರುವುದು ಇದರಲ್ಲೇ. ಸದ್ದು ಇದ್ದು ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತದೆ ಅಂದರೆ ಚಿಕಿತ್ಸೆಯೇ ಬೇಡ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಯಾವ ನೋವೂ ಇಲ್ಲದ ಎಷ್ಟೋ ಜನರ ದವಡೆ ಲಟಲಟ ಅನ್ನುತ್ತದೆ. ಸದ್ದು ನಿಲ್ಲಿಸುತ್ತೇವೆ ಅಂತ ಹೇಳುವ ಚಿಕಿತ್ಸೆಯ ಹಿಂದೆ ಹೋಗುವ ಅಗತ್ಯವಿಲ್ಲ.

ಕೆಲವರಿಗೆ ಒಂದು ದಿನ ಸದ್ದು ತಾನಾಗೇ ನಿಲ್ಲುತ್ತದೆ, ಜೊತೆಗೇ ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ, ಗೆರೆ ನೋವಿರುವ ಕಡೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಸರಿದ ಟೋಪಿ ವಾಪಸ್ ಬರುತ್ತಿಲ್ಲ, ಮೂಳೆಗೆ ಅದೇ ಅಡ್ಡ ನಿಂತಿದೆ. ಇದಕ್ಕೆ ತಡ ಮಾಡಬೇಡಿ. ಶುರುವಾದ ಹೊಸದರಲ್ಲೇ ಪಳಗಿದವರು ಕೈಯಿಂದ ದವಡೆ ಎಳೆದು ಬಿಡಿಸಲು ನೋಡಬಹುದು. ವಾರಗಳು ಕಳೆದಷ್ಟೂ ಆ ಅವಕಾಶ ಕಮ್ಮಿಯಾಗುತ್ತದೆ. ಹಾಗಂತ ತಡವಾದವರು ಎದೆ ಒಡೆದುಕೊಳ್ಳುವುದೂ ಬೇಡ. ಡಿಸ್ಕ್ ಜಾಗಕ್ಕೆ ಬರದಿದ್ದರೂ ಅದರ ಹಿಂದಿನ ಅಂಗಾಂಶ ನಿಧಾನಕ್ಕೆ ಗಟ್ಟಿಯಾಗಿ ಒಗ್ಗಿಕೊಳ್ಳುತ್ತದೆ. ವ್ಯಾಯಾಮದ ಜೊತೆ ಕೆಲವು ತಿಂಗಳಲ್ಲಿ ಬಹಳ ಜನರ ಬಾಯಿ ಮತ್ತೆ ತೆರೆಯುತ್ತದೆ.

ಮೂರನೆಯದು ಮೂಳೆಯ ಸವೆತ. ಲಟಕ್ ಅಲ್ಲ, ಕರಕರ ಸದ್ದು. ವಯಸ್ಸಾದವರಲ್ಲಿ ಜಾಸ್ತಿ. ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಿಗೆ ಯಾವ ವಯಸ್ಸಿನಲ್ಲೂ ಬರಬಹುದು. ಅಂಥವರಿಗೆ ಮೂಲ ಕಾಯಿಲೆಯ ಔಷಧವೇ ದವಡೆಯ ಔಷಧ.

ಒಬ್ಬರಿಗೇ ಎರಡು ಮೂರು ಬಗೆ ಒಟ್ಟಿಗೆ ಇರುವುದೂ ಉಂಟು. ಆಗ ಯಾವುದು ನೋಯುತ್ತಿದೆಯೋ ಅದಕ್ಕೆ ಮೊದಲ ಮಣೆ.

ಇದು ದವಡೆ ಕೀಲಿನದೇ ಅಲ್ಲದಿದ್ದರೆ?

ಚಿಕಿತ್ಸೆಗಳ ಹೋಲಿಕೆಗೆ ಮೊದಲು ಇದನ್ನು ಓದಿ. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋಯ್ದು, ನಿಂತರೆ ಕಡಿಮೆಯಾದರೆ ಅದು ಹೃದಯದ ನೋವು ಇರಬಹುದು. ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಜೊತೆಗಿದ್ದರೆ ನೇರ ಎಮರ್ಜೆನ್ಸಿಗೆ ಹೋಗಿ. 50 ದಾಟಿದವರಿಗೆ ಹೊಸದಾಗಿ ಕಣತಲೆ ನೋವು ಬಂದು, ಅಗಿಯುತ್ತ ಹೋದ ಹಾಗೆ ದವಡೆ ಸೋತು ನೋಯತೊಡಗಿ, ತಲೆ ಬಾಚಿದರೂ ನೆತ್ತಿ ನೋಯ್ದರೆ ಅದು ರಕ್ತನಾಳದ ಊತ ಇರಬಹುದು. ಆ ಕಾಯಿಲೆ ಕಣ್ಣನ್ನೇ ಕಿತ್ತುಕೊಳ್ಳಬಲ್ಲದು, ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಕೆಲವೇ ಸೆಕೆಂಡು ಕರೆಂಟ್ ಹೊಡೆದ ಹಾಗೆ ಬಂದು ಹೋಗುವ ನೋವು ನರದ್ದು. ಊತ ಇದ್ದು ಜ್ವರ ಬಂದರೆ, ಮುಖ ಮರಗಟ್ಟಿದರೆ, ಗಂಟು ಸಿಕ್ಕಿದರೆ, ತೂಕ ಇಳಿಯುತ್ತಿದ್ದರೆ ವ್ಯಾಯಾಮ ಮಾಡಿ ನೋಡೋಣ ಅಂತ ಕಾಯಬಾರದು.

ಸ್ಕ್ಯಾನ್ ಬೇಕಾ?

ಹೆಚ್ಚಿನವರಿಗೆ ಶುರುವಿನಲ್ಲಿ ಬೇಡ. ಹಲ್ಲಿನ ಆಸ್ಪತ್ರೆಯಲ್ಲಿ ತೆಗೆಯುವ ಇಡೀ ಬಾಯಿಯ ಎಕ್ಸ್‌ರೇ ಹಲ್ಲು, ಮೂಳೆಯಲ್ಲಿ ದೊಡ್ಡ ತೊಂದರೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಸಾಕು. ಮೂಳೆ ಸವೆತ ಸರಿಯಾಗಿ ಕಾಣಬೇಕಾದರೆ ಸಿಟಿ ಸ್ಕ್ಯಾನ್. ಡಿಸ್ಕ್ ಚೆನ್ನಾಗಿ ಕಾಣುವುದು ಎಂಆರ್‌ಐನಲ್ಲಿ.

ಎಂಆರ್‌ಐ ಬಗ್ಗೆ ಒಂದು ಎಚ್ಚರ. ಯಾವ ತೊಂದರೆಯೂ ಇಲ್ಲದವರ ಎಂಆರ್‌ಐ ತೆಗೆದರೂ ಸುಮಾರು ಮೂರರಲ್ಲಿ ಒಬ್ಬರ ಡಿಸ್ಕ್ ಜಾರಿರುವುದು ಕಾಣುತ್ತದೆ. ರಿಪೋರ್ಟಿನಲ್ಲಿ "ಡಿಸ್ಕ್ ಜಾರಿದೆ" ಅಂತ ಬರೆದಿದ್ದನ್ನು ನೋಡಿ ಗಾಬರಿಯಾಗಿ ಆಪರೇಷನ್‌ವರೆಗೆ ಹೋದವರಿಗೆ ನಿಜವಾದ ನೋವು ಕೆನ್ನೆಯ ಸ್ನಾಯುವಿನದ್ದೇ ಆಗಿರಬಹುದು. ಸ್ಕ್ಯಾನ್ ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ ಎಂದಾದರೆ ಸ್ಕ್ಯಾನ್ ಏಕೆ, ಅಲ್ವಾ? ಬಾಯಿ ಹಿಡಿದುಕೊಂಡಿದ್ದರೆ, ಪೆಟ್ಟು ಬಿದ್ದಿದ್ದರೆ, ಕಚ್ಚುವ ರೀತಿಯೇ ಬದಲಾಗುತ್ತ ಹೋಗುತ್ತಿದ್ದರೆ, ಇಂಜೆಕ್ಷನ್ ಅಥವಾ ಆಪರೇಷನ್ ಮಾತು ಬಂದಿದ್ದರೆ ಮಾಡಿಸಿ.

ಮನೆಯಲ್ಲೇ ಮಾಡುವುದು, ವ್ಯಾಯಾಮ

ಮನೆ ಆರೈಕೆ ಅಂದರೆ ಜನ ಮೂಗು ಮುರಿಯುತ್ತಾರೆ. ದುಡ್ಡು ಕೊಡದ್ದಕ್ಕೆ ಬೆಲೆ ಇಲ್ಲ ನೋಡಿ. ಆದರೆ 2023ರ ಕೊನೆಯಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಮೂರು ತಿಂಗಳು ಮೀರಿದ ದವಡೆ ನೋವಿಗೆ ಬಲವಾಗಿ ಶಿಫಾರಸು ಮಾಡಿದ್ದು ಇಂಥವನ್ನೇ. ತೊಂದರೆ ಏನೆಂದು ತಿಳಿಸಿ ಧೈರ್ಯ ಹೇಳುವುದು, ಮನೆಯಲ್ಲಿ ಮಾಡುವ ವ್ಯಾಯಾಮ, ಫಿಸಿಯೋಥೆರಪಿಸ್ಟ್ ಮುಂದೆ ಮಾಡುವ ದವಡೆಯ ವ್ಯಾಯಾಮ, ಕತ್ತು ಬೆನ್ನಿನ ನಿಲುವಿನ ವ್ಯಾಯಾಮ, ಬಿಗಿದ ಸ್ನಾಯುವಿನ ಗಂಟುಗಳನ್ನು ಕೈಯಿಂದ ಒತ್ತಿ ಸಡಿಲಿಸುವುದು, ನೋವಿನ ಜೊತೆ ಬದುಕುವ ರೀತಿ ಬದಲಿಸುವ ಮನೋಚಿಕಿತ್ಸೆ. ನೈಟ್ ಗಾರ್ಡ್ ಈ ಸಾಲಿನಲ್ಲಿ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮನೆಯಲ್ಲಿ ಮಾಡಬೇಕಾದ್ದರಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಹಗಲು ಹಲ್ಲು ಕಚ್ಚಿಕೊಳ್ಳುವ ಚಾಳಿ ಬಿಡುವುದು. ನುಂಗುವಾಗ, ಅಗಿಯುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬೇಕಾದ ಅಗತ್ಯವೇ ಇಲ್ಲ. ಇಡೀ ದಿನದಲ್ಲಿ ಎಲ್ಲ ಸೇರಿಸಿದರೂ ತಾಗುವುದು ಸುಮಾರು 20 ನಿಮಿಷ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಇದನ್ನು ಓದುತ್ತಿರುವಾಗ ನಿಮ್ಮ ಹಲ್ಲು ತಾಗಿಕೊಂಡಿವೆಯೇ? ಕಂಪ್ಯೂಟರ್ ಮುಂದೆ, ಗಾಡಿ ಓಡಿಸುವಾಗ, ಮೊಬೈಲ್ ನೋಡುವಾಗ ಗಂಟೆಗಟ್ಟಲೆ ಹಲ್ಲು ಕಚ್ಚಿ ಕೂತರೆ ಸ್ನಾಯು ಸೋಲದೆ ಇನ್ನೇನು ಮಾಡುತ್ತದೆ?

ಬಿಡುವ ದಾರಿ ಹೀಗಿದೆ. ಮನಸ್ಸಿನಲ್ಲೇ "ನ" ಅನ್ನಿ. ನಾಲಗೆಯ ತುದಿ ಮೇಲಿನ ಮುಂದಿನ ಹಲ್ಲಿನ ಹಿಂದೆ ತಾಗಿ ನಿಲ್ಲುತ್ತದೆ, ಹಲ್ಲುಗಳು ತಾವಾಗೇ ಬೇರೆಯಾಗುತ್ತವೆ. ತುಟಿ ಮುಚ್ಚಿರಲಿ. ದವಡೆ ವಿಶ್ರಾಂತಿಯಲ್ಲಿ ಇರಬೇಕಾದ ಜಾಗ ಅದೇ. ಕಂಪ್ಯೂಟರ್ ಅಂಚಿಗೆ ಒಂದು ಬಣ್ಣದ ಚೀಟಿ ಅಂಟಿಸಿ, ಫೋನಿನಲ್ಲಿ ಗಂಟೆಗೊಮ್ಮೆ ಅಲಾರಂ ಇಡಿ. ಕಣ್ಣಿಗೆ ಬಿದ್ದಾಗಲೆಲ್ಲ "ನ". ಮೊದಲ ವಾರ ನಗು ಬರುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ನೋವು ಕೆರಳಿರುವಾಗ ಎರಡು ವಾರ ಮೆತ್ತಗಿನ ಊಟ ಮಾಡಿ, ತುಂಡು ಚಿಕ್ಕದಿರಲಿ. ಚ್ಯೂಯಿಂಗ್ ಗಮ್, ಉಗುರು ಕಚ್ಚುವುದು, ಪೆನ್ನು ಕಚ್ಚುವುದು ಪೂರ್ತಿ ನಿಲ್ಲಲಿ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಕೊಡಿ, ಬಾಯಿ ಅತಿಯಾಗಿ ಅಗಲವಾಗುವುದಿಲ್ಲ. ಬಿಗಿದ ಸ್ನಾಯುವಿಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು 15ರಿಂದ 20 ನಿಮಿಷ ಇಡಿ. ಹೊಸದಾಗಿ ಪೆಟ್ಟು ಬಿದ್ದು ಊದಿದ್ದರೆ ತಣ್ಣನೆಯದು ಇಡಿ. ಮೆತ್ತಗಿನ ಊಟವನ್ನು ತಿಂಗಳುಗಟ್ಟಲೆ ಎಳೆಯಬೇಡಿ. ದುಡಿಯದ ಸ್ನಾಯು ಇನ್ನಷ್ಟು ಸೊರಗುತ್ತದೆ.

ವ್ಯಾಯಾಮದಲ್ಲಿ ಮೊದಲು ಹೇಳಿಕೊಡುವುದು ತುಂಬ ಸರಳ. ನಾಲಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದೇ ಬಾಯಿ ತೆರೆಯಿರಿ. ನಾಲಗೆ ಬಿಡದೆ ಎಷ್ಟು ತೆರೆಯುತ್ತದೋ ಅಷ್ಟೇ. ಹೀಗೆ ಮಾಡಿದಾಗ ಮೂಳೆ ಮುಂದಕ್ಕೆ ಜಾಸ್ತಿ ಜಾರದೆ ತಿರುಗುವ ಕೆಲಸವನ್ನೇ ಮಾಡುತ್ತದೆ. ಕನ್ನಡಿಯಲ್ಲಿ ಗೆರೆ ನೇರ ಇಳಿಯುವಂತೆ ನೋಡಿಕೊಳ್ಳಿ. ಒಂದು ಸಲಕ್ಕೆ ಆರು, ದಿನಕ್ಕೆ ಆರು ಸಲ ಅನ್ನುವುದು ಫಿಸಿಯೋಥೆರಪಿಯಲ್ಲಿ ಹಳೆಯ ಲೆಕ್ಕ. ಬಾಯಿ ಕಡಿಮೆ ತೆರೆಯುವವರಿಗೆ ಹೆಬ್ಬೆರಳು, ತೋರುಬೆರಳನ್ನು ಮೇಲಿನ ಕೆಳಗಿನ ಹಲ್ಲಿಗೆ ಅಡ್ಡ ಕೊಟ್ಟು ನಿಧಾನಕ್ಕೆ ಹಿಗ್ಗಿಸುವುದನ್ನು ಹೇಳಿಕೊಡುತ್ತಾರೆ. ಎಳೆತ ಸಿಗಬೇಕು, ನೋವು ಆಗಬಾರದು. ಆದರೆ ದವಡೆ ಆಗಾಗ ಜಾರಿ ಬಾಯಿ ತೆರೆದೇ ಉಳಿದುಬಿಡುವವರು ಈ ಹಿಗ್ಗಿಸುವ ವ್ಯಾಯಾಮಕ್ಕೆ ಕೈ ಹಾಕಬಾರದು. ಅವರ ಕೀಲು ಮೊದಲೇ ಸಡಿಲ.

ಮನೆಯಲ್ಲೇ ಮಾಡಿಕೊಳ್ಳುವುದೋ, ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುವುದೋ? ನೋವು ಹೊಸದು, ಬಾಯಿ ಚೆನ್ನಾಗಿ ತೆರೆಯುತ್ತದೆ ಎಂದರೆ ಮೊದಲು ಮನೆಯಲ್ಲಿ ನಾಲ್ಕಾರು ವಾರ ನೋಡಿ. ಬಾಯಿ ತೆರೆಯುವುದು ಕಡಿಮೆಯಾಗಿದ್ದರೆ, ಕತ್ತು ನೋವೂ ಜೊತೆಗಿದ್ದರೆ, ಅಥವಾ ವ್ಯಾಯಾಮ ಮಾಡಲು ನಿಮಗೇ ಭಯವಿದ್ದರೆ ನೇರ ಅಲ್ಲಿಗೆ ಹೋಗಿ. ಹೋಗುವ ಮುಂಚೆ "ದವಡೆಗೆ ಚಿಕಿತ್ಸೆ ಕೊಟ್ಟು ರೂಢಿ ಇದೆಯಾ?" ಅಂತ ಕೇಳಿಕೊಳ್ಳಿ. ಮಂಡಿ, ಬೆನ್ನು ನೋಡುವವರೆಲ್ಲ ಗ್ಲೋವ್ಸ್ ಹಾಕಿ ಬಾಯೊಳಗೆ ಬೆರಳಿಟ್ಟು ಸ್ನಾಯು ಬಿಡಿಸಿ ರೂಢಿ ಇರುವವರಲ್ಲ.

ನೈಟ್ ಗಾರ್ಡ್ ಎಷ್ಟು ಉಪಯೋಗ?

ದವಡೆ ನೋವು ಅಂದ ಕೂಡಲೇ ಕೈಗೆ ಬರುವ ಉತ್ತರ ಇದು. ಮೇಲೆ ಹೇಳಿದ 2023ರ ಮಾರ್ಗಸೂಚಿ ಇದರ ಬಗ್ಗೆ ತಣ್ಣಗೆ ಮಾತಾಡಿದೆ. ದೀರ್ಘಕಾಲದ ನೋವಿಗೆ ಹಾಕಿ ತೆಗೆಯಬಹುದಾದ ಸ್ಪ್ಲಿಂಟನ್ನು (ನೈಟ್ ಗಾರ್ಡ್ ಈ ಜಾತಿಯದೇ) ರೂಢಿಯಾಗಿ ಕೊಡುವುದು ಬೇಡ ಎನ್ನುವ ಕಡೆಗೇ ಅದರ ಸಲಹೆ ವಾಲುತ್ತದೆ, ಆದರೆ ಅದು ಬಲವಾದ ಸಲಹೆಯಲ್ಲ. ಹಲ್ಲಿನ ಡಾಕ್ಟರುಗಳಲ್ಲಿ ಇದನ್ನು ಒಪ್ಪದವರೂ ಇದ್ದಾರೆ.

ನಾನು ಇದನ್ನು ಹೀಗೆ ನೋಡುತ್ತೇನೆ. ರಾತ್ರಿ ಹಲ್ಲು ಕಡಿದು ಹಲ್ಲು ಸವೆಯುತ್ತಿದೆ, ತುಂಬಿಸಿದ್ದು ಒಡೆಯುತ್ತಿದೆ ಅಂದರೆ ನೈಟ್ ಗಾರ್ಡ್ ಒಳ್ಳೆಯ ಆಯ್ಕೆ. ಅದು ಹಲ್ಲನ್ನು ಕಾಪಾಡುತ್ತದೆ. ಹಲ್ಲು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲಿನ ಬದಲು ಪ್ಲಾಸ್ಟಿಕ್ ಸವೆಯುತ್ತದೆ ಅಷ್ಟೆ. ಬೆಳಗ್ಗೆ ನೋವು ಜಾಸ್ತಿ ಇರುವವರಲ್ಲಿ ಕೆಲವರಿಗೆ ಹಾಯೆನಿಸುತ್ತದೆ. ಸಂಜೆ ನೋವು ಜಾಸ್ತಿ ಇರುವವರ ತೊಂದರೆ ಹಗಲಿನದು. ಅವರಿಗೆ ರಾತ್ರಿಯ ಗಾರ್ಡ್ ಏನು ಮಾಡೀತು?

ಗಾರ್ಡ್‌ಗಳಲ್ಲೂ ಭೇದ ಇದೆ. ಹಲ್ಲಿನ ಅಚ್ಚು ತೆಗೆದು ಮಾಡಿದ, ಒಂದು ಸಾಲಿನ ಎಲ್ಲ ಹಲ್ಲನ್ನೂ ಮುಚ್ಚುವ ಗಟ್ಟಿ ಅಕ್ರಿಲಿಕ್‌ನದು ಎಲ್ಲಕ್ಕಿಂತ ಸುರಕ್ಷಿತ. ಅಂಗಡಿಯಲ್ಲಿ ಸಿಗುವ, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚುವ ಮೆದು ಗಾರ್ಡ್ ಕೆಲವು ವಾರಕ್ಕೆ ಸರಿ. ಕೆಲವರು ಅದನ್ನೇ ಅಗಿಯತೊಡಗಿ ನೋವು ಏರಿಸಿಕೊಳ್ಳುತ್ತಾರೆ. ಮುಂದಿನ ನಾಲ್ಕಾರು ಹಲ್ಲಿಗೆ ಮಾತ್ರ ಕೂರುವ ಚಿಕ್ಕದು, ದವಡೆಯನ್ನು ಮುಂದಕ್ಕೆ ಎಳೆದು ಹಿಡಿಯುವ ಬಗೆಯದು, ಇವೆರಡರಲ್ಲೂ ಜೋಪಾನ. ಬಹಳ ದಿನ ಹಾಕಿದರೆ ಮುಚ್ಚದ ಹಲ್ಲುಗಳು ಎದ್ದು ಬರಬಹುದು, ಕಚ್ಚುವ ರೀತಿಯೇ ಬದಲಾಗಬಹುದು. ಇಡೀ ದಿನ ಹಾಕಿಕೊಳ್ಳಿ ಅಂದರೆ ಏಕೆ, ಎಷ್ಟು ದಿನ ಅಂತ ಕೇಳಿ. ಬೆಳಗ್ಗೆ ಗಾರ್ಡ್ ತೆಗೆದು ಅರ್ಧ ಗಂಟೆಯಾದರೂ ಹಲ್ಲು ಮೊದಲಿನಂತೆ ಕೂರದಿದ್ದರೆ ಹಾಕುವುದು ನಿಲ್ಲಿಸಿ ತೋರಿಸಿ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ ಗಾರ್ಡ್ ಮಾಡಿಸುವ ಮುಂಚೆಯೇ ಹೇಳಿ. ಕೆಲವರಲ್ಲಿ ಅದು ಉಸಿರಾಟದ ತೊಂದರೆ ಹೆಚ್ಚಿಸುತ್ತದೆ.

ವ್ಯಾಯಾಮ ಮತ್ತು ಗಾರ್ಡ್ ನಡುವೆ ಒಂದನ್ನೇ ಆರಿಸಬೇಕು ಅಂದರೆ, ನೋವಿಗೆ ವ್ಯಾಯಾಮ, ಹಲ್ಲಿನ ಸವೆತಕ್ಕೆ ಗಾರ್ಡ್.

ಮಾತ್ರೆ

ಐಬುಪ್ರೊಫೇನ್, ನ್ಯಾಪ್ರೋಕ್ಸೆನ್‌ನಂಥ ಊತ ಇಳಿಸುವ ಮಾತ್ರೆ ಕೀಲು ಊದಿ ನೋಯುವಾಗ ಒಂದೆರಡು ವಾರಕ್ಕೆ ಉಪಯುಕ್ತ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಬಿಪಿ ಇರುವವರು, ರಕ್ತ ತೆಳು ಮಾಡುವ ಔಷಧ ತಗೊಳ್ಳುವವರು, ಬಸುರಿಯರು ಕೇಳದೆ ನುಂಗಬಾರದು. ಸ್ನಾಯು ಸಡಿಲಿಸುವ ಮಾತ್ರೆಗಳನ್ನು ರಾತ್ರಿ ಹೊತ್ತು ಕೆಲವು ದಿನಕ್ಕೆ ಕೊಡುವುದುಂಟು, ನಿದ್ದೆ ಮಂಪರು ಬರುತ್ತದೆ. ತಿಂಗಳುಗಟ್ಟಲೆ ಎಳೆದ ನೋವಿಗೆ ಅಮಿಟ್ರಿಪ್ಟಿಲಿನ್ ಕಡಿಮೆ ಪ್ರಮಾಣದಲ್ಲಿ ಬರೆಯುವವರಿದ್ದಾರೆ. ಅದು ಖಿನ್ನತೆಯ ಮಾತ್ರೆ ಅಂತ ಚೀಟಿ ನೋಡಿ ಬೇಜಾರಾಗಬೇಡಿ, ಇಷ್ಟು ಕಡಿಮೆ ಪ್ರಮಾಣದಲ್ಲಿ ಕೊಡುವುದು ನೋವಿಗೆ. ಅಫೀಮಿನ ಜಾತಿಯ ನೋವಿನ ಮಾತ್ರೆ ಬೇಡವೇ ಬೇಡ. ಬಿಎಂಜೆ ಮಾರ್ಗಸೂಚಿ ಅದನ್ನು ಊತದ ಮಾತ್ರೆಯ ಜೊತೆ ಸೇರಿಸಿ ಕೊಡುವುದನ್ನೂ ಬಲವಾಗಿ ಬೇಡ ಅಂದಿದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಖಿನ್ನತೆ, ಆತಂಕಕ್ಕೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಕೆಲವು ಮಾತ್ರೆಗಳಿಂದಲೇ ಹಲ್ಲು ಕಚ್ಚುವುದು ಶುರುವಾಗಬಹುದು. ಮಾತ್ರೆ ಶುರು ಮಾಡಿದ ಕೆಲವು ವಾರಕ್ಕೆ ದವಡೆ ಬಿಗಿಯಿತೇ ಅಂತ ಯೋಚಿಸಿ. ಹೌದಾದರೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಹೇಳಿ.

ಸೂಜಿಯ ಚಿಕಿತ್ಸೆಗಳು

ಇವುಗಳಲ್ಲಿ ಈಗ ಜಾಸ್ತಿ ಕೇಳಿಬರುವುದು ಬೊಟಾಕ್ಸ್. ಕೆನ್ನೆಯ ಸ್ನಾಯುವಿಗೆ ಚುಚ್ಚಿದರೆ ಅದರ ಬಲ ಮೂರು ನಾಲ್ಕು ತಿಂಗಳು ಕುಗ್ಗುತ್ತದೆ. ಆಮೇಲೆ ಮತ್ತೆ ಚುಚ್ಚಬೇಕು. ಕೆಲವರಿಗೆ ನಿಜಕ್ಕೂ ಹಾಯೆನಿಸುತ್ತದೆ. ಆದರೆ ಪರೀಕ್ಷೆಗಳ ಫಲಿತಾಂಶ ಒಂದೇ ಥರ ಇಲ್ಲ. ಸಲಸಲ ಕೊಟ್ಟರೆ ಅಗಿಯುವ ಒತ್ತಡ ಸಿಗದ ಕೆಳದವಡೆ ಮೂಳೆ ತೆಳುವಾಗಬಹುದೇ ಅನ್ನುವ ಆತಂಕವೂ ಇದೆ. ಮುಖ ಸಪೂರ ಕಾಣಲಿ ಅಂತ ಬೊಟಾಕ್ಸ್ ಮಾಡುವ ಕಡೆ "ದವಡೆ ನೋವೂ ಹೋಗುತ್ತದೆ" ಅಂತ ಒಂದಕ್ಕೊಂದು ಉಚಿತದ ಹಾಗೆ ಮಾರುವುದು ನನಗೆ ಸರಿ ಕಾಣುವುದಿಲ್ಲ. ವ್ಯಾಯಾಮ, ಅಭ್ಯಾಸ ಬದಲಾವಣೆ ಎಲ್ಲ ಮಾಡಿ ನೋಡಿದ ಮೇಲೂ ಸ್ನಾಯು ನೋವು ಬಗ್ಗದವರಿಗೆ ಇದು ಯೋಚಿಸಬಹುದಾದ ದಾರಿ, ಅದಕ್ಕೆ ಮುಂಚೆ ಅಲ್ಲ.

ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚುವುದು ಆರ್ಥ್ರೈಟಿಸ್‌ನಲ್ಲಿ ಊದಿ ಕೆರಳಿದ ಕೀಲಿಗೆ ಒಮ್ಮೆ ಆದೀತು. ಪದೇ ಪದೇ ಆದರೆ ಕೀಲಿನ ಮೇಲ್ಪದರಕ್ಕೇ ಪೆಟ್ಟು. ಬೆಳೆಯುವ ಮಕ್ಕಳಲ್ಲಿ ದವಡೆಯ ಬೆಳವಣಿಗೆ ಕುಂಠಿತವಾಗುವ ಅಪಾಯ ಇರುವುದರಿಂದ ಇನ್ನೂ ಜಾಸ್ತಿ ಎಚ್ಚರ ಬೇಕು.

ಕೀಲು ತೊಳೆಯುವುದು ಬೇರೆ ಕ್ರಮ. 1991ರಿಂದ ಈಚೆಗೆ ಬಳಕೆಗೆ ಬಂತು. ಕಿವಿ ಮುಂದಿನ ಜಾಗ ಮರಗಟ್ಟಿಸಿ ಕೀಲಿನ ಮೇಲಿನ ಖಾಲಿ ಜಾಗಕ್ಕೆ ಎರಡು ಸೂಜಿ ಹಾಕುತ್ತಾರೆ. ಒಂದರಿಂದ ಸಲೈನ್ ಒಳಗೆ ಹೋಗುತ್ತದೆ, ಇನ್ನೊಂದರಿಂದ ಹೊರಗೆ ಬರುತ್ತದೆ. ಊತ ಹುಟ್ಟಿಸುವ ಪದಾರ್ಥ ತೊಳೆದು ಹೋಗುತ್ತದೆ, ಅಂಟಿ ಕೂತ ಡಿಸ್ಕ್ ದ್ರವದ ಒತ್ತಡಕ್ಕೆ ಸಡಿಲವಾಗುತ್ತದೆ. ಅದೇ ಹೊತ್ತಿಗೆ ದವಡೆಯನ್ನು ಕೈಯಿಂದ ಆಡಿಸುತ್ತಾರೆ. ಹೊಲಿಗೆ ಇಲ್ಲ, ಬಹುಪಾಲು ಅದೇ ದಿನ ಮನೆಗೆ. ಬಾಯಿ ಹಿಡಿದುಕೊಂಡು ವ್ಯಾಯಾಮಕ್ಕೆ ಬಗ್ಗದವರಿಗೆ ಇದು ದೊಡ್ಡ ಆಪರೇಷನ್‌ಗಿಂತ ಎಷ್ಟೋ ಮೇಲು. ಬರೀ ಸ್ನಾಯು ನೋವಿಗೆ ಕೀಲು ತೊಳೆದರೆ ಏನು ಬಂತು? ಬಿಎಂಜೆ ಮಾರ್ಗಸೂಚಿ ದೀರ್ಘಕಾಲದ ನೋವಿಗೆ ಇದನ್ನು ರೂಢಿಯಾಗಿ ಮಾಡುವುದು ಬೇಡ ಅಂದಿರುವುದನ್ನೂ ತಿಳಿದಿರಿ.

ಹಲ್ಲು ಉಜ್ಜಿ ಸರಿ ಮಾಡುತ್ತೇವೆ ಅಂದರೆ

1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲಿನ ಡಾಕ್ಟರ್ ಜೇಮ್ಸ್ ಕೋಸ್ಟನ್ ಕಿವಿ ನೋವು, ತಲೆನೋವು, ದವಡೆ ನೋವಿಗೆಲ್ಲ ಹಿಂದಿನ ಹಲ್ಲು ಬಿದ್ದು ಕಚ್ಚುವಿಕೆ ಕುಸಿದದ್ದೇ ಕಾರಣ ಅಂತ ಬರೆದರು. ಅಂದಿನಿಂದ ದಶಕಗಟ್ಟಲೆ ದವಡೆ ನೋವು ಅಂದರೆ ಹಲ್ಲಿನ ಹೊಂದಾಣಿಕೆಯ ತೊಂದರೆ ಅನ್ನುವ ನಂಬಿಕೆ ನಡೆದುಬಂತು. ಹಲ್ಲು ತೀಡಿದರು, ಕ್ಯಾಪ್ ಹಾಕಿದರು, ಕ್ಲಿಪ್ ಹಾಕಿದರು. ಈಗಿನ ತಿಳಿವಳಿಕೆ ಅದನ್ನು ಒಪ್ಪುವುದಿಲ್ಲ. ಸ್ನಾಯುವಿನ ಭಾರ, ನಿದ್ದೆ, ಮನಸ್ಸಿನ ಒತ್ತಡ, ಹಳೆಯ ಪೆಟ್ಟು, ನೋವಿಗೆ ದೇಹ ಸ್ಪಂದಿಸುವ ರೀತಿ, ಹೀಗೆ ಹತ್ತಾರು ಎಳೆ ಸೇರಿ ಈ ನೋವು ಬರುತ್ತದೆ. ಹಲ್ಲು ತೀಡಿದರೆ ನೋವು ಹೋಗುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಕ್ಲಿಪ್ ಹಾಕಿದ್ದರಿಂದ ಬರುವುದೂ ಇಲ್ಲ, ಹಾಕಿದರೆ ಹೋಗುವುದೂ ಇಲ್ಲ.

ತೀಡಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಹಲ್ಲು ಸೊಟ್ಟ ಇದೆ ಅಂತ ಕ್ಲಿಪ್ ಬೇಕಿದ್ದರೆ ಹಾಕಿಸಿಕೊಳ್ಳಿ, ದವಡೆ ನೋವಿಗೆ ಅಂತ ಬೇಡ. ದವಡೆ ನೋವಿಗೆ ಬಾಯಿತುಂಬ ಕ್ಯಾಪ್ ಹಾಕಿಸಿ ಅಂದವರ ಹತ್ತಿರ ಮತ್ತೆ ಹೋಗಬೇಡಿ.

ಆಪರೇಷನ್

ನೂರಕ್ಕೆ ಬೆರಳೆಣಿಕೆಯ ಜನರಿಗೆ ಬರುವ ಮಾತು ಇದು. ಚಿಕ್ಕ ಕ್ಯಾಮೆರಾ ತೂರಿಸಿ ನೋಡಿ ಸರಿ ಮಾಡುವುದು ಒಂದು, ಕೀಲು ತೆರೆದು ಮಾಡುವುದು ಇನ್ನೊಂದು, ಇಡೀ ಕೀಲನ್ನೇ ಬದಲಿಸುವುದು ಮತ್ತೊಂದು. ಮೂಳೆ ಮೂಳೆ ಅಂಟಿ ಬಾಯಿಯೇ ತೆರೆಯದವರಿಗೆ, ಗಡ್ಡೆ ಇರುವವರಿಗೆ, ಕೀಲು ಪೂರ್ತಿ ಹಾಳಾದವರಿಗೆ ಕೀಲು ಬದಲಾವಣೆ ಬದುಕನ್ನೇ ಬದಲಿಸುತ್ತದೆ. ಬರೀ ನೋವು ಇದೆ, ಸ್ಕ್ಯಾನ್‌ನಲ್ಲಿ ಡಿಸ್ಕ್ ಜಾರಿದೆ ಅನ್ನುವುದಕ್ಕೆ ಡಿಸ್ಕ್ ತೆಗೆಸುವುದನ್ನು 2023ರ ಮಾರ್ಗಸೂಚಿ ಬಲವಾಗಿ ಬೇಡ ಅಂದಿದೆ.

ಇದರಲ್ಲಿ ಅವಸರ ಎಂಥ ಅನಾಹುತ ಮಾಡಿತು ಅನ್ನುವುದಕ್ಕೆ ಅಮೆರಿಕದ ಒಂದು ಇತಿಹಾಸ ಇದೆ. 1980ರ ದಶಕದಲ್ಲಿ ಡಿಸ್ಕ್ ತೆಗೆದ ಜಾಗಕ್ಕೆ ಟೆಫ್ಲಾನ್ ಪದರದ ಕೃತಕ ತುಂಡನ್ನು ಸಾವಿರಾರು ಜನರಿಗೆ ಹಾಕಿದರು. ಅಗಿದ ಒತ್ತಡಕ್ಕೆ ಅದು ಪುಡಿಯಾಯಿತು. ಆ ಪುಡಿಯ ವಿರುದ್ಧ ದೇಹ ಕೆರಳಿ ಅಕ್ಕಪಕ್ಕದ ಮೂಳೆಯನ್ನೇ ಕರಗಿಸಿತು. 1990ರ ಹೊತ್ತಿಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟು ಅದನ್ನು ಬಳಕೆಯಿಂದ ತೆಗೆಸಿತು. ಎಷ್ಟೋ ಜನ ಅದನ್ನು ತೆಗೆಸಲು ಮತ್ತೆ ಮತ್ತೆ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಈಗಿನ ಕೃತಕ ಕೀಲುಗಳು ಬೇರೆ ಸಾಮಗ್ರಿಯವು, ಸಿಟಿ ಸ್ಕ್ಯಾನ್ ನೋಡಿ ಒಬ್ಬೊಬ್ಬರ ಅಳತೆಗೆ ಮಾಡುವಂಥವೂ ಇವೆ. ಆದರೂ ಸರ್ಜನ್ ಎದುರು ಕೂತಾಗ ಮೂರು ಮಾತು ಕೇಳಿ. ನನ್ನ ನೋವು ಕೀಲಿನೊಳಗಿನದೇ ಅಂತ ಹೇಗೆ ಖಾತ್ರಿ ಮಾಡಿಕೊಂಡಿರಿ? ಆಪರೇಷನ್ ಆದ ಮೇಲೆ ಬಾಯಿ ಎಷ್ಟು ತೆರೆಯಬಹುದು, ನೋವು ಎಷ್ಟು ಇಳಿಯಬಹುದು? ಮುಖದ ನರಕ್ಕೆ ಪೆಟ್ಟಾದರೆ ಏನು ಮಾಡುತ್ತೀರಿ? ಈ ಮೂರಕ್ಕೆ ಸಮಾಧಾನದಿಂದ ಉತ್ತರ ಕೊಡುವವರು ಸಿಗುವ ತನಕ ಸಹಿ ಹಾಕಬೇಡಿ. ಇನ್ನೊಬ್ಬರ ಅಭಿಪ್ರಾಯ ಕೇಳಿದರೆ ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಾಯಿ ತೆರೆದೇ ನಿಂತುಬಿಟ್ಟರೆ

ಇದು ಮೇಲಿನ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ದೊಡ್ಡ ಆಕಳಿಕೆ, ಹಲ್ಲಿನ ಚಿಕಿತ್ಸೆಗೆ ಬಹಳ ಹೊತ್ತು ಬಾಯಿ ತೆರೆದದ್ದು, ಇಷ್ಟು ಸಾಕು. ಮೂಳೆಯ ತಲೆ ತನ್ನ ಗುಳಿಯ ಮುಂದಿನ ಏರನ್ನು ದಾಟಿ ಹೋಗಿ ವಾಪಸ್ ಬರುವುದಿಲ್ಲ. ಬಾಯಿ ಮುಚ್ಚಲಾಗುವುದಿಲ್ಲ, ಜೊಲ್ಲು ಸುರಿಯುತ್ತದೆ, ಗಾಬರಿಗೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಎಮರ್ಜೆನ್ಸಿಯಲ್ಲಿ ಡಾಕ್ಟರ್ ಹೆಬ್ಬೆರಳನ್ನು ಕೆಳಗಿನ ದವಡೆ ಹಲ್ಲಿನ ಮೇಲೆ ಅಥವಾ ಪಕ್ಕದಲ್ಲಿಟ್ಟು ಮೊದಲು ಕೆಳಕ್ಕೆ, ಆಮೇಲೆ ಹಿಂದಕ್ಕೆ ಒತ್ತಿ ಕೂರಿಸುತ್ತಾರೆ. ಹಿಪಾಕ್ರಟಿಸ್ ಕಾಲದಿಂದ ಬಂದ ಕ್ರಮ, ಇವತ್ತಿಗೂ ಹೆಚ್ಚುಕಮ್ಮಿ ಅದೇ. ಮನೆಯಲ್ಲಿ ಯಾರೂ ಕೈ ಹಾಕುವುದು ಬೇಡ. ಮೂಳೆ ಕೂರುವ ಕ್ಷಣ ಹಲ್ಲು ಟಪ್ ಅಂತ ಮುಚ್ಚಿ ಬೆರಳು ಕಚ್ಚಿಹೋಗುತ್ತದೆ. ಎಷ್ಟು ಬೇಗ ಹೋದರೆ ಅಷ್ಟು ಸುಲಭ, ಏಕೆಂದರೆ ಗಂಟೆ ಕಳೆದಂತೆ ಸ್ನಾಯು ಬಿಗಿಯುತ್ತದೆ. ಕೂರಿಸಿದ ಮೇಲೆ ಕೆಲವು ವಾರ ಬಾಯಿ ಎರಡು ಬೆರಳಿಗಿಂತ ಜಾಸ್ತಿ ತೆರೆಯಬೇಡಿ. ಮುಂದಿನ ಸಲ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಾಗ ಬಾಯಿ ತೆರೆಯುವ ಮುಂಚೆಯೇ ಇದನ್ನು ಅವರಿಗೆ ಹೇಳಿ, ನಡುನಡುವೆ ಬಿಡುವು ಕೊಡುತ್ತಾರೆ.